ಜ್ವಾಲಾಮುಖಿಗಳ ನಾಡಿನ ಹೆರಿಗೆ ವಾರ್ಡು ಕಲಿಸಿದ ಪಾಠ

ಭೂಪಟದಲ್ಲಿ ಮೆಕ್ಸಿಕೋದ ಕೆಳಗೆ ಅಂಟಿಕೊಂಡಂತೆ ಕಾಣುವ ಪುಟ್ಟ ದೇಶ ಗ್ವಾಟೆಮಾಲಾ. ರಾಜಧಾನಿಯ ಹೆಸರೂ ಗ್ವಾಟೆಮಾಲಾ ನಗರವೇ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಕಣಿವೆಯಲ್ಲಿರುವುದರಿಂದ ಇಲ್ಲಿ ಉಷ್ಣವಲಯದ ಬೇಗೆಯಿಲ್ಲ. ವರ್ಷವಿಡೀ ಹಿತವಾದ ಹವೆ. ಆಕಾಶ ತಿಳಿಯಾಗಿರುವ ಬೆಳಿಗ್ಗೆ ಕಣ್ಣು ಹಾಯಿಸಿದರೆ ಪಕಾಯಾ, ಆಗುವಾ, ಅಕಾಟೆನಾಂಗೊ, ಫ್ಯೂಗೊ ಎಂಬ ಜ್ವಾಲಾಮುಖಿ ಬೆಟ್ಟಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಸ್ಪ್ಯಾನಿಷ್ ಭಾಷೆಯಲ್ಲಿ ಆಗುವಾ ಎಂದರೆ ನೀರು, ಫ್ಯೂಗೊ ಎಂದರೆ ಬೆಂಕಿ. ಬೆಂಕಿಯ ಬೆಟ್ಟದ್ದು ಬರಿಯ ಹೆಸರಲ್ಲ. 2018ರ ಜೂನ್‌ನಲ್ಲಿ ಅದು ಸಿಡಿದಾಗ ತಪ್ಪಲಿನ ಜನವಸತಿಯೇ ಬೂದಿಯಡಿ ಹೂತುಹೋಯಿತು. ಭೂಕಂಪಗಳೂ ಇಲ್ಲಿಗೆ ಹೊಸತಲ್ಲ. 1773ರ ಭೂಕಂಪದಲ್ಲಿ ಹಳೆಯ ರಾಜಧಾನಿ ಆಂಟಿಗುವಾ ಹಾಳಾದ ಮೇಲೆಯೇ 1776ರಲ್ಲಿ ಈ ಹೊಸ ನಗರ ಹುಟ್ಟಿದ್ದು.

ಪ್ರವಾಸಿಗಳು ಆಂಟಿಗುವಾದ ಕಲ್ಲುಹಾಸಿನ ಬೀದಿಗಳನ್ನು, ತಿಕಾಲ್‌ನ ಮಾಯಾ ದೇಗುಲಗಳನ್ನು, ಅತಿತ್ಲಾನ್ ಸರೋವರವನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಈ ನಗರಕ್ಕೆ ಇನ್ನೊಂದು ಹಿರಿಮೆಯಿದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಪಕ್ಕದಲ್ಲಿ ಒಬ್ಬ ಹೆಂಗಸು ಸುಮ್ಮನೆ ಕುಳಿತಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನವು ಅಂಕಿಗಳಲ್ಲಿ ಉತ್ತರ ಪಡೆದದ್ದು ಇಲ್ಲಿನ ಹೆರಿಗೆ ವಾರ್ಡಿನಲ್ಲಿ.

1970ರ ದಶಕದ ಆ ವಾರ್ಡನ್ನು ಕಲ್ಪಿಸಿಕೊಳ್ಳುವುದು ನಮ್ಮವರಿಗೆ ಕಷ್ಟವಲ್ಲ. ಸಾಲು ಮಂಚಗಳು, ತುಂಬಿ ತುಳುಕುವ ಕೋಣೆ, ಕೈಗೆ ಬಿಡುವಿಲ್ಲದ ದಾದಿಯರು. ತಾಯಿ, ಅತ್ತೆ, ಗಂಡ ಎಲ್ಲರೂ ಬಾಗಿಲ ಹೊರಗೆ. ಚೊಚ್ಚಲ ಹೆರಿಗೆಯ ಹುಡುಗಿ ಗಂಟೆಗಟ್ಟಲೆ ಒಂಟಿಯಾಗಿ ಬೇನೆ ತಿನ್ನಬೇಕಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಮಕ್ಕಳ ತಜ್ಞರಾದ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಆಗ ಗ್ವಾಟೆಮಾಲಾದಲ್ಲಿ ತಾಯಿ ಮತ್ತು ಶಿಶುವಿನ ಬಾಂಧವ್ಯವನ್ನು ಅಭ್ಯಸಿಸುತ್ತಿದ್ದರು. ಮಗು ಹುಟ್ಟಿದ ಮೇಲಿನ ನಡವಳಿಕೆಯನ್ನು ಗಮನಿಸುವುದಷ್ಟೇ ಅವರ ಉದ್ದೇಶ. ಆದರೆ ಅವರ ತಂಡದ ವಿದ್ಯಾರ್ಥಿನಿಯೊಬ್ಬಳು ಸೂಚನೆಯನ್ನು ಮೀರಿ, ಬೇನೆ ಪಡುತ್ತಿದ್ದ ತಾಯಂದಿರ ಬಳಿಯೇ ಹೆರಿಗೆಯಾಗುವವರೆಗೂ ಉಳಿದುಬಿಟ್ಟಳು. ಆ ತಾಯಂದಿರ ಹೆರಿಗೆ ಸಲೀಸಾಗಿ ಆದದ್ದನ್ನು ಕಂಡ ವೈದ್ಯರು ಬೆರಗಾದರು.

ಪ್ರಯೋಗದಲ್ಲಿ ನುಸುಳಿದ ತಪ್ಪು ಎಂದು ಅವರು ಅದನ್ನು ಬದಿಗೊತ್ತಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆ ತಪ್ಪನ್ನೇ ಹೊಸ ಪ್ರಯೋಗವಾಗಿಸಿದರು. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನೇ.

ರೊಬೆರ್ತೊ ಸೋಸಾ ಮುಂತಾದವರೊಡನೆ ಸೇರಿ ಅವರು ನಡೆಸಿದ ಆ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ಚೊಚ್ಚಲ ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾರ್ಡಿನ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಒಬ್ಬ ಸಂಗಾತಿ. ಈಕೆ ದಾದಿಯಲ್ಲ, ಸೂಲಗಿತ್ತಿಯಲ್ಲ, ನೆಂಟಳೂ ಅಲ್ಲ. ಗುರುತಿಲ್ಲದ ಸಾಮಾನ್ಯ ಹೆಂಗಸು. ಕೈ ಹಿಡಿಯುವುದು, ಬೆನ್ನು ನೀವುವುದು, ಒಳ್ಳೆಯ ಮಾತಾಡುವುದು ಅವಳ ಕೆಲಸ. ತೊಡಕಿಲ್ಲದ ಹೆರಿಗೆಗಳು ಪ್ರತಿ ಗುಂಪಿನಲ್ಲೂ 20 ಆಗುವವರೆಗೆ ಹೊಸ ತಾಯಂದಿರನ್ನು ಸೇರಿಸುತ್ತಾ ಹೋಗಬೇಕು ಎಂಬುದು ನಿಯಮ. ಸಂಗಾತಿಯಿದ್ದ ಗುಂಪಿನಲ್ಲಿ 33 ತಾಯಂದಿರನ್ನು ಸೇರಿಸಿಕೊಳ್ಳುವಷ್ಟರಲ್ಲಿ 20 ತುಂಬಿತು. ಇನ್ನೊಂದು ಗುಂಪಿನಲ್ಲಿ 103 ತಾಯಂದಿರು ಬೇಕಾದರು! ಬೇನೆಯ ಸರಾಸರಿ ಅವಧಿ ಸಂಗಾತಿಯಿದ್ದವರಿಗೆ 8.8 ಗಂಟೆ, ಇಲ್ಲದವರಿಗೆ 19.3 ಗಂಟೆ. ಸಂಗಾತಿಯಿದ್ದ ತಾಯಂದಿರು ಹೆರಿಗೆಯ ಬಳಿಕ ಹೆಚ್ಚು ಎಚ್ಚರವಾಗಿದ್ದು, ಮಗುವನ್ನು ಹೆಚ್ಚು ಸವರಿ, ನಕ್ಕು, ಮಾತಾಡಿಸಿದರು. 1986ರಲ್ಲಿ ಅಲ್ಲಿಂದಲೇ ಬಂದ ದೊಡ್ಡ ಅಧ್ಯಯನದಲ್ಲಿ ಸಿಸೇರಿಯನ್ ಪ್ರಮಾಣ ಶೇಕಡಾ 17ರ ಎದುರು 7 ಆಗಿತ್ತು.

ಕಾರಣವೇನಿರಬಹುದು? ಭಯಗೊಂಡ ದೇಹದಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ. ಅದು ಗರ್ಭಕೋಶದ ಸಂಕೋಚನವನ್ನು ಕುಗ್ಗಿಸಬಲ್ಲದು. ಸಂಕೋಚನಕ್ಕೆ ಬಲ ಕೊಡುವ ಹಾರ್ಮೋನು ಆಕ್ಸಿಟೋಸಿನ್. ಧೈರ್ಯ ತುಂಬುವ ಕೈಯೊಂದು ಭಯವನ್ನು ಇಳಿಸಿ ಹೆರಿಗೆಯ ಹಾದಿಯನ್ನು ಸುಗಮಗೊಳಿಸುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ಈ ವಿದ್ಯೆ ನಗರದ ಹೊರಗಿನ ಬೆಟ್ಟದ ಊರುಗಳಿಗೆ ಹೊಸದೇನಲ್ಲ. ಬಣ್ಣಬಣ್ಣದ ಬಸ್ಸು ಹತ್ತಿ ಪಶ್ಚಿಮದ ಎತ್ತರದ ಸೀಮೆಗೆ ಹೋದರೆ ಕೈಮಗ್ಗದ ಚಿತ್ತಾರದ ಕುಪ್ಪಸ ತೊಟ್ಟ ಮಾಯಾ ಹೆಂಗಸರು ಎದುರಾಗುತ್ತಾರೆ. ಅಲ್ಲಿನ ಸೂಲಗಿತ್ತಿಗೆ ಕೊಮಾದ್ರೋನಾ ಎಂದು ಹೆಸರು. ಇದು ಹೊಟ್ಟೆಪಾಡಿಗಾಗಿ ಆರಿಸಿಕೊಂಡ ಕಸುಬಲ್ಲ, ಹುಟ್ಟಿದ ದಿನದಿಂದಲೇ ಬಂದದ್ದು, ಕನಸಿನಲ್ಲಿ ಕರೆ ಬಂದದ್ದು ಎಂಬುದು ಅಲ್ಲಿಯವರ ನಂಬಿಕೆ. ಹೆರಿಗೆಯ ನಂತರವೂ ಆಕೆ ಮನೆಗೆ ಬರುತ್ತಾಳೆ. ತೆಮಸ್ಕಾಲ್ ಎಂಬ ಗೂಡಿನಂಥ ಹಬೆಕೋಣೆಯಲ್ಲಿ ಬಾಣಂತಿಗೆ ಬಿಸಿ ಕೊಡುತ್ತಾಳೆ. ಹಂಡೆ ನೀರು, ಸಾಂಬ್ರಾಣಿ ಹೊಗೆ ಕಂಡ ಕನ್ನಡದ ಅಜ್ಜಿಯೊಬ್ಬಳು ಅಲ್ಲಿಗೆ ಹೋದರೆ, ಭಾಷೆ ತಿಳಿಯದಿದ್ದರೂ ಕೆಲಸ ತಿಳಿದೀತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಸೇವೆಗೇ.

ಆದರೆ ಕೊಮಾದ್ರೋನಾ ಬೇರೆ, ವಾರ್ಡಿನ ಸಂಗಾತಿ ಬೇರೆ. ಮೊದಲನೆಯವಳು ಮಗುವನ್ನು ಕೈಯಲ್ಲಿ ಹಿಡಿಯುತ್ತಾಳೆ. ಎರಡನೆಯವಳು ತಾಯಿಯ ಕೈಯನ್ನು ಮಾತ್ರ ಹಿಡಿಯುತ್ತಾಳೆ. ಈ ಎರಡನೆಯವಳಿಗೆ ಡೂಲಾ ಎಂಬ ಹೆಸರು ನಿಂತಿತು. ಗ್ರೀಕ್ ಮೂಲದಲ್ಲಿ ಅದಕ್ಕೆ ದಾಸಿ ಎಂದರ್ಥ. ಮಾನವಶಾಸ್ತ್ರಜ್ಞೆ ಡೇನಾ ರಫೇಲ್ 1973ರಲ್ಲಿ ತಮ್ಮ ಪುಸ್ತಕದಲ್ಲಿ, ಹೊಸ ತಾಯಿಗೆ ನೆರವಾಗುವ ಅನುಭವಿ ಹೆಂಗಸಿಗೆ ಈ ಪದ ಬಳಸಿದ್ದರು.

ಗ್ವಾಟೆಮಾಲಾದ ಪಾಠ ಮುಂದೆ ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಸಾಗಿತು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಗುಂಪಿಗೆ ಡೂಲಾ ಇದ್ದಳು. ಇನ್ನೊಂದು ಗುಂಪಿನ ಕೋಣೆಯಲ್ಲಿ ದೂರದಲ್ಲಿ ಕುಳಿತು, ಮಾತಾಡದೆ ಟಿಪ್ಪಣಿ ಮಾಡಿಕೊಳ್ಳುವ ವೀಕ್ಷಕಿ ಮಾತ್ರ. ಮೂರನೆಯ ಗುಂಪಿಗೆ ಇಬ್ಬರೂ ಇಲ್ಲ. ಸಿಸೇರಿಯನ್ ಪ್ರಮಾಣ ಕ್ರಮವಾಗಿ ಶೇಕಡಾ 8, 13 ಮತ್ತು 18. ಮರುವರ್ಷವೇ, 1992ರಲ್ಲಿ, ಕ್ಲಾಸ್, ಕೆನೆಲ್, ಪೆನ್ನಿ ಸಿಮ್‌ಕಿನ್ ಮೊದಲಾದವರು ಸೇರಿ ಡೂಲಾಗಳ ಸಂಘ ಕಟ್ಟಿದರು. ಇಂದು ಅದರ ಹೆಸರು ಡೋನಾ ಇಂಟರ್‌ನ್ಯಾಷನಲ್.

ಒಳ್ಳೆಯ ಮನಸ್ಸಿದ್ದರೆ ಸಾಲದೇ, ನಿಯಮಗಳೇಕೆ ಎಂದು ಕೇಳಬಹುದು. ಸಂಘದ ನಿಯಮಾವಳಿಯಲ್ಲಿ ಮಾಡಬೇಕಾದದ್ದರಷ್ಟೇ ಮಾಡಬಾರದ್ದಕ್ಕೂ ತೂಕವಿದೆ. ಡೂಲಾ ರಕ್ತದೊತ್ತಡ ನೋಡಬಾರದು, ಒಳಪರೀಕ್ಷೆ ಮಾಡಬಾರದು, ಮಗುವಿನ ಎದೆಬಡಿತ ಎಣಿಸಬಾರದು, ರೋಗ ನಿರ್ಣಯಿಸಬಾರದು. ತಾಯಿಯ ಬದಲಿಗೆ ತಾನು ತೀರ್ಮಾನ ತೆಗೆದುಕೊಳ್ಳಬಾರದು. ಮನೆಯ ಗುಟ್ಟು ಹೊರಗೆ ಹೋಗಬಾರದು. ಒಪ್ಪಿಕೊಂಡ ಮೇಲೆ ಕೈಬಿಡಬಾರದು. ತನಗೆ ಬರಲಾಗದಿದ್ದರೆ ಬದಲಿಯವಳನ್ನು ಕಳಿಸಬೇಕು. ಬಾಣಂತನದ ಡೂಲಾ ಹಾಲೂಡಿಸಲು, ಮಗುವನ್ನು ಮೀಯಿಸಲು ನೆರವಾಗಬಹುದು. ಆದರೆ ಜ್ವರವೋ ಹೆಚ್ಚು ರಕ್ತಸ್ರಾವವೋ ಕಂಡರೆ ತಾನೇ ಮದ್ದು ಮಾಡದೆ ವೈದ್ಯರ ಬಳಿಗೆ ಕಳಿಸಬೇಕು.

ಈ ಗೆರೆ ಬಿಗಿಯಾಗಿರುವುದಕ್ಕೆ ಕಾರಣವಿದೆ. ಬೇನೆಯ ಹೊತ್ತಿನಲ್ಲಿ ತಾಯಿ ಪಕ್ಕದವಳ ಮಾತನ್ನು ಪೂರ್ತಿ ನಂಬುತ್ತಾಳೆ. "ಏನೂ ಆಗಿಲ್ಲ, ಎಲ್ಲ ಸರಿಯಿದೆ" ಎಂಬ ಸಮಾಧಾನ ತಿಳಿಯದವರ ಬಾಯಿಂದ ಬಂದರೆ ಅದೇ ಅಪಾಯ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಕಳೆದುಹೋದ ಕೆಲವೇ ನಿಮಿಷಗಳು ಜೀವ ತೆಗೆಯಬಲ್ಲವು. ಪ್ರೀತಿ ವೈದ್ಯಕ್ಕೆ ಬದಲಿಯಲ್ಲ, ವೈದ್ಯ ಪ್ರೀತಿಗೆ ಬದಲಿಯಲ್ಲ. ತನಗೆ ಎಷ್ಟು ಗೊತ್ತು ಎಂಬುದರ ಜೊತೆಗೆ ಎಲ್ಲಿಗೆ ನಿಲ್ಲಬೇಕು ಎಂಬುದನ್ನೂ ಅರಿತವಳೇ ನಿಜವಾದ ಕಸುಬುದಾರಳು.

2017ರ ಹೊತ್ತಿಗೆ 17 ದೇಶಗಳ 26 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಎಡೆಬಿಡದ ಆಸರೆ ಸಿಕ್ಕ ತಾಯಂದಿರಲ್ಲಿ ಸಿಸೇರಿಯನ್ ಕಡಿಮೆಯಿತ್ತು. ಗ್ವಾಟೆಮಾಲಾದಷ್ಟು ದೊಡ್ಡ ಅಂತರ ಎಲ್ಲೆಡೆ ಕಾಣದಿದ್ದರೂ ದಿಕ್ಕು ಅದೇ. ಭಾರತ ಸರ್ಕಾರವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಹೆಣ್ಣು ಸಂಗಾತಿಯನ್ನು ಬಿಡಲು ಒಪ್ಪಿತು. ಷರತ್ತುಗಳು ಸರಳ: ಆಕೆ ಸ್ವತಃ ಹೆತ್ತವಳಾಗಿರಬೇಕು, ಅಂಟುರೋಗವಿರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಜೊತೆಗಿರಬೇಕು, ವೈದ್ಯರ ಕೆಲಸಕ್ಕೆ ಅಡ್ಡ ಬರಬಾರದು.

ಹೆರಿಗೆ ಕೋಣೆಯ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತ ಅಜ್ಜಿಯನ್ನು ನೋಡದವರು ನಮ್ಮಲ್ಲಿ ವಿರಳ. ಅವಳು ಒಳಗಿದ್ದರೆ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿದೆ. ಜ್ವಾಲಾಮುಖಿಗಳ ನಡುವಿನ ನಗರವೊಂದರಲ್ಲಿ ಅದನ್ನು ಗಂಟೆಗಳ ಲೆಕ್ಕದಲ್ಲಿ ಅಳೆದು ಬರೆದಿಡಲಾಗಿದೆ.