ಸುಟ್ಟ ಮೋಟರಿನ ಪಾಠ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಿನ ಹಳ್ಳಿಗಳಲ್ಲಿ ಕರೆಂಟಿನ ರಿಪೇರಿ ಎಂದರೆ ಮೊದಲು ಮೋಟರು. ಮಿಕ್ಸಿ, ಫ್ಯಾನು, ಟಿ.ವಿ. ಆಮೇಲೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಮಳೆ ಕಾಣದ ಸೀಮೆ. ಕೊಳವೆಬಾವಿಯ ಮೋಟರು ನಿಂತರೆ ಈರುಳ್ಳಿ ಹೊಲ ನಾಲ್ಕು ದಿನದಲ್ಲಿ ತಲೆ ಬಗ್ಗಿಸುತ್ತದೆ.

ಈ ಮೋಟರಿನ ಮೂಲಪುರುಷ ನಿಕೋಲಾ ಟೆಸ್ಲಾ. ಕಾರ್ಬನ್ ಬ್ರಷ್ ಇಲ್ಲದೆ ತಿರುಗುವ ಇಂಡಕ್ಷನ್ ಮೋಟರಿಗೆ ಆತ ಪೇಟೆಂಟ್ ಪಡೆದದ್ದು 1888ರಲ್ಲಿ. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1946ರಲ್ಲಿ ಬೆಂಗಳೂರಿನಲ್ಲಿ ಮೋಟರು ತಯಾರಿಸುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು. ಮೋಟರು ಹೊಲಕ್ಕೆ ಬಂದ ಹಿಂದೆಯೇ ಅದನ್ನು ಸುಡುವ ವಿದ್ಯೆಯೂ ಬಂತು. ಮೂರು ಫೇಸಿನಲ್ಲಿ ಒಂದು ಹೋದಾಗ ಕಂಡೆನ್ಸರ್ ಸಿಕ್ಕಿಸಿ ಎರಡರಲ್ಲೇ ಓಡಿಸುವುದು ರೈತರ ಹಳೆಯ ಉಪಾಯ. ನೀರು ಬರುತ್ತದೆ, ಕಾಯಿಲೂ ಕಾಯುತ್ತದೆ.

ಸುಟ್ಟದ್ದನ್ನು ರಿಪೇರಿ ಮಾಡುವ ಕಲಿಕೆಯ ಹಾದಿ ಮೊದಲು ಅಂಗಡಿಯ ಜಗುಲಿಯಲ್ಲೇ ಇತ್ತು. 1950ರಲ್ಲಿ ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆ ಅದಕ್ಕೆ ಪಠ್ಯಕ್ರಮ ಕೊಟ್ಟಿತು, ಐ.ಟಿ.ಐ.ನ ಎಲೆಕ್ಟ್ರಿಷಿಯನ್ ಕೋರ್ಸು 2 ವರ್ಷದ್ದು. ಸ್ಥಳೀಯರಿಗೆ ಕಸುಬು ಕಲಿಸುವ ಸಮುದಾಯ ಕಾಲೇಜು ಎಂಬ ಅಮೆರಿಕದ ಕಲ್ಪನೆಯೂ 1995ರಲ್ಲಿ ಪುದುಚೇರಿಯಲ್ಲಿ ಬೇರೂರಿತು. ಕುದಾಪುರದಲ್ಲಿ, ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನ ಸುಮಾರು 1500 ಎಕರೆಯಲ್ಲಿ, ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿ ವಿಜ್ಞಾನದ ಮೇಷ್ಟ್ರುಗಳೇ ಬಂದು ಕೈಯಾರೆ ಪ್ರಯೋಗ ಮಾಡಿ ಕಲಿಯುತ್ತಾರೆ.

ರಿಪೇರಿಯ ಮೊದಲ ಪಾಠ, ಬಿಚ್ಚುವ ಮುನ್ನ ಬರೆದುಕೊಳ್ಳುವುದು. ತಂತಿ ಕೂರುವ ಸ್ಲಾಟು ಎಷ್ಟು, ಸುತ್ತು ಎಷ್ಟು, ತಂತಿಯ ಗೇಜು ಎಷ್ಟು. ಈ ಪ್ರಬಂಧಕಾರ ಹುಡುಗನಾಗಿದ್ದಾಗ ಮನೆಯ ಟೇಬಲ್ ಫ್ಯಾನನ್ನು ಎಣಿಸದೆ ಬಿಚ್ಚಿದ. ಅದು ಮತ್ತೆ ತಿರುಗಲೇ ಇಲ್ಲ. 36 ಸ್ಲಾಟಿನ, 4 ಪೋಲಿನ ಮೋಟರಾದರೆ ಪ್ರತಿ ಪೋಲಿಗೆ ಒಂದೊಂದು ಫೇಸಿನದು 3 ಸ್ಲಾಟು. ಒಂದು ತಪ್ಪಿದರೂ ಮೋಟರು ತಿರುಗುವ ಬದಲು ಗುರುಗುಟ್ಟುತ್ತದೆ.

ಎರಡನೆಯದು, ಸುಟ್ಟಿದ್ದನ್ನು ಓದುವುದು. ಇದೇ ಈ ವಿದ್ಯೆಯ ಸೊಗಸು. ಕಾಯಿಲುಗಳೆಲ್ಲ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿತ್ತು. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸು ಕರಕಲಾಗಿ ಮೂರನೆಯದು ಹೊಸದರಂತೆ ಹೊಳೆಯುತ್ತಿದ್ದರೆ ಲೈನಿನ ಒಂದು ಫೇಸು ಹೋಗಿತ್ತು. ಡೆಲ್ಟಾ ಜೋಡಣೆಯಲ್ಲಾದರೆ ಆಗ ಸುಡುವುದು ಒಂದೇ ಫೇಸು. ಒಂದೇ ಕಡೆ ಚುಕ್ಕೆಯಷ್ಟು ಕರಗಿದ್ದರೆ ಇನ್ಸುಲೇಷನ್ ಹರಿದಿದೆ. ಮೋಟರಿನ ಯಜಮಾನ ಏನೇ ಹೇಳಲಿ, ಕಾಯಿಲು ಸುಳ್ಳು ಹೇಳುವುದಿಲ್ಲ.

ಸಬ್‌ಮರ್ಸಿಬಲ್ ಮೋಟರಿನದು ಬೇರೆಯೇ ಕೆಲಸ. ಅದರೊಳಗೆ ನೀರೇ ತುಂಬಿರುವುದರಿಂದ ವಾರ್ನಿಷ್ ತಂತಿ ನಡೆಯದು. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಉದ್ದನೆಯ ಸ್ಲಾಟಿನಲ್ಲಿ ಒಂದೊಂದಾಗಿ ಪೋಣಿಸಿ ಎಳೆಯಬೇಕು. ರೇಷ್ಮೆ ಸೀರೆಯ ಮೊಳಕಾಲ್ಮುರಿನವರಿಗೆ ಎಳೆಯ ಲೆಕ್ಕ ಹೊಸದಲ್ಲ.

ಕೊನೆಗೆ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದು 500 ವೋಲ್ಟಿನಲ್ಲಿ ಪರೀಕ್ಷೆ. ಮುಳ್ಳು ಸೊನ್ನೆಗೆ ಬಿದ್ದರೆ ಮತ್ತೆ ಬಿಚ್ಚಬೇಕು. ಏರಿ ನಿಂತರೆ ಮೋಟರು ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೊರಡುತ್ತದೆ.