ಸಮಾಧಾನ ಮಾಡುವ ನೌಕರಿ

ಬೈಯುವುದು ಸೂಪರ್‌ವೈಸರ್ ಕೆಲಸ, ಸಮಾಧಾನ ಮಾಡುವುದು ನನ್ನದು. ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ನಾನು ವೆಲ್‌ಫೇರ್ ಆಫೀಸರ್. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಇಂಥವನೊಬ್ಬ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿದ್ದರಿಂದ ಹುಟ್ಟಿದ ಹುದ್ದೆ ಇದು. ಲೈನಿನಿಂದ ಅಳುತ್ತಾ ಬಂದವಳನ್ನು ಕೂರಿಸುತ್ತೇನೆ, ನೀರು ಕೊಡುತ್ತೇನೆ, ‘ಹೋಗ್ಲಿ ಬಿಡಮ್ಮ, ಅವನ ಬಾಯೇ ಹಂಗೆ’ ಅನ್ನುತ್ತೇನೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಮಿಷನ್ನಿಗೆ ಹೋಗುತ್ತಾಳೆ. ಆ ಗಂಟೆಯ ಪೀಸು ಹೇಗೋ ಮುಗಿಯುತ್ತದೆ. ಇದನ್ನು ನನ್ನ ಒಳ್ಳೆಯತನವೆಂದು ಬಹಳ ಕಾಲ ನಂಬಿದ್ದೆ. ‘ಸಾರ್ ಒಳ್ಳೆಯೋರು’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ಖುಷಿಯಾಗುತ್ತದೆ, ಸುಳ್ಳೇಕೆ? ಆದರೆ ಅವನ ಬೈಗುಳವೂ ನನ್ನ ಸಮಾಧಾನವೂ ದುಡಿಯುವುದು ಒಂದೇ ಟಾರ್ಗೆಟ್ಟಿಗೆ. ಪಕ್ಕದ ಕೋಣೆಯಲ್ಲಿ ನಾನು ಇದ್ದೇನೆಂಬ ಧೈರ್ಯದಲ್ಲೇ ಅವನು ಅಷ್ಟು ಬೈಯುತ್ತಾನೇನೋ.

ನಮ್ಮ ಬಸ್ಸುಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಗಳಿಂದ ಬರುತ್ತವೆ. ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಬಂದು, ಅಷ್ಟೇ ದೂರ ವಾಪಸ್ ಹೋಗುವ ಹೆಣ್ಣುಮಕ್ಕಳು. ಕೋಳಿ ಕೂಗುವ ಮೊದಲೇ ಎದ್ದು ಮನೆಮಂದಿಗೆಲ್ಲ ಮುದ್ದೆ ಸಾರು ಮಾಡಿಟ್ಟು ಬಂದವರು. ಇವರನ್ನು ಕಂಪನಿಗೆ ಅಂಟಿಸಿಕೊಳ್ಳಲು ನಾನು ಮಾಡಿದ್ದು ರಂಗೋಲಿ ಸ್ಪರ್ಧೆ, ಮಹಿಳಾ ದಿನದ ಕೇಕು, ತಿಂಗಳಿಗೊಬ್ಬ ‘ಅತ್ಯುತ್ತಮ ಟೈಲರ್’, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಸೀರೆ. ಅವರು ಖುಷಿಪಟ್ಟದ್ದು ನಿಜ. ರಂಗೋಲಿಯ ದಿನ ಫ್ಲೋರಿನಲ್ಲಿ ಕೇಳಿಬರುವ ನಗು ಬೇರೆ ದಿನ ಕೇಳುವುದಿಲ್ಲ. ಫೋಟೋಗಳನ್ನು ವರದಿಗೆ ಅಂಟಿಸಿ ಹೆಡ್ಡಾಫೀಸಿಗೆ ಕಳಿಸುತ್ತೇನೆ. ಅದೇ ವರದಿಯ ಕೊನೆಯ ಹಾಳೆಯಲ್ಲಿ ಆ ತಿಂಗಳು ಬಿಟ್ಟುಹೋದವರ ಪಟ್ಟಿ ಇರುತ್ತದೆ. ಕಾರಣದ ಕಾಲಮ್ಮಿನಲ್ಲಿ ‘ವೈಯಕ್ತಿಕ’ ಎಂದು ಬರೆಯುವವನೂ ನಾನೇ.

ಆ ವೈಯಕ್ತಿಕದಲ್ಲಿ ಏನೇನಿರುತ್ತದೆ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಬ್ಯಾರನ್ನಿನ ಹತ್ತಿರ ಆಳು ಸಾಲದು. ಆಲೂಗಡ್ಡೆ ಕೀಳುವಾಗ, ರಾಗಿ ಕುಯ್ಯುವಾಗ ಮನೆಯವಳು ಮನೆಯಲ್ಲಿರಬೇಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ನೆಂಟರು ಬಂದಿಳಿಯುತ್ತಾರೆ. ಮೂರು ದಿನದ ರಜೆ ಕೇಳಿದವಳಿಗೆ ಶಿಪ್‌ಮೆಂಟ್ ಎಂದು ಇಲ್ಲವೆಂದರೆ ಅವಳು ಜಗಳ ಮಾಡುವುದಿಲ್ಲ, ಸುಮ್ಮನೆ ಬರುವುದನ್ನೇ ನಿಲ್ಲಿಸುತ್ತಾಳೆ. ಇನ್ನು ಕೆಲವರು ಬಿಡುವುದೇ ಪಿಎಫ್ ದುಡ್ಡಿಗಾಗಿ: ಮಗಳ ಮದುವೆ, ಮಗನ ಕಾಲೇಜು ಫೀಸು, ಕೈಸಾಲ. ಕೆಲಸದಲ್ಲಿದ್ದುಕೊಂಡು ಪೂರ್ತಿ ತೆಗೆಯಲಾಗದ ದುಡ್ಡನ್ನು ಕೆಲಸ ಬಿಟ್ಟು ತೆಗೆಯುತ್ತಾರೆ, ತಿಂಗಳುಗಳು ಕಳೆದ ಮೇಲೆ ಇನ್ನೊಂದು ಕಾರ್ಖಾನೆಯ ಗೇಟಿನಲ್ಲಿ ಹೊಸಬರಾಗಿ ನಿಲ್ಲುತ್ತಾರೆ.

ಈ ಪಿಎಫ್ ಅವರಿಗೆ ಏನು ಎಂಬುದು 2016ರ ಏಪ್ರಿಲ್ 18 ಮತ್ತು 19ರಂದು ಇಡೀ ದೇಶಕ್ಕೆ ಗೊತ್ತಾಯಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು, ತುಮಕೂರು ರಸ್ತೆ ನಿಂತುಹೋಯಿತು. ಎರಡನೇ ದಿನವೇ ದೆಹಲಿ ನಿಯಮವನ್ನು ಹಿಂದಕ್ಕೆ ಪಡೆಯಿತು. ನಲವತ್ತು ದಾಟಿದರೆ ಕಣ್ಣು ಸೊಂಟ ಎರಡೂ ಕೈಕೊಡುವ ಈ ಕಸುಬಿನಲ್ಲಿ 58 ಎಂಬುದು ಯಾರೋ ಎಸಿ ಕೋಣೆಯಲ್ಲಿ ಕೂತು ಬರೆದ ಸಂಖ್ಯೆ. ಆಗ ನನಗೆ ಆಶ್ಚರ್ಯವಾದದ್ದು ಗಲಾಟೆಗಲ್ಲ. ನಾವು ‘ಮಾತೇ ಆಡಲ್ಲ, ಪಾಪ’ ಎಂದುಕೊಂಡಿದ್ದವರು ಇವರೇ. ನಮ್ಮೆದುರು ಆಡುತ್ತಿರಲಿಲ್ಲ, ಅಷ್ಟೇ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟಿಗೆ ಗಾಜುಗಳು ಒಡೆದವು. ಕೆಲವರ ಸಂಬಳ ಸರಿಯಾಗಿ, ಸಕಾಲಕ್ಕೆ ಪಾವತಿಯಾಗಿರಲಿಲ್ಲ ಎಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಅಲ್ಲಿಯೂ ಗಾಜು ಒಡೆಯುವ ತನಕ ಕಾರ್ಮಿಕರ ದೂರು ಸರಿಯಾದ ಮೇಜಿಗೆ ಮುಟ್ಟಿರಲಿಲ್ಲ.

ನನ್ನ ಪೊಳ್ಳನ್ನು ನನಗೇ ತೋರಿಸಿದ್ದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದಕ್ಕೂ ಮುಂಚೆ ಕಂಪನಿ ಬಸ್ಸನ್ನು ನಾವು ದೊಡ್ಡ ಉಪಕಾರವೆಂಬಂತೆ ಹೇಳಿಕೊಳ್ಳುತ್ತಿದ್ದೆವು. ಮನಸ್ಸಿಲ್ಲದಿದ್ದರೂ ಅವರು ಇಲ್ಲೇ ಉಳಿಯುವಂತೆ ಅದು ಹಿಡಿದಿಟ್ಟಿತ್ತು. ಶಕ್ತಿ ಬಂದ ಮೇಲೆ ಅವರು ಬೇರೆ ಫ್ಯಾಕ್ಟರಿಗೂ ಹೋಗಿ ನೋಡಿಬಂದರು, ಅಂಗಡಿಗೂ ಆಸ್ಪತ್ರೆ ಕೆಲಸಕ್ಕೂ ಸೇರಿದರು. ಒಂದು ದಿನ ಮೀಟಿಂಗಿನಲ್ಲಿ ‘ಶಕ್ತಿಯಿಂದ ನಮಗೆ ತೊಂದರೆಯಾಗಿದೆ’ ಎಂದು ನನ್ನ ಬಾಯಿಂದಲೇ ಬಂತು. ಹೆಣ್ಣುಮಕ್ಕಳಿಗೆ ನಾಲ್ಕು ಕಡೆ ಹೋಗಿ ನೋಡುವ ಅವಕಾಶ ಸಿಕ್ಕಿದ್ದನ್ನು ತೊಂದರೆ ಅಂದವನು ಕಲ್ಯಾಣಾಧಿಕಾರಿ!

ನನ್ನ ತಾಯಿಯ ತವರು ಅರಕಲಗೂಡು ತಾಲ್ಲೂಕು. ಅಲ್ಲಿ ನಾಟಿಗೆ, ಕುಯ್ಲಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಜ್ಜಿಯ ಬಾಯಿ ಜೋರು. ಆದರೆ ಮುಯ್ಯಿಗೆ ಬಂದವರ ಮೇಲೆ ಎಂದೂ ದನಿ ಏರಿಸಿದವಳಲ್ಲ. ಬೆಳಗಾದರೆ ಅದೇ ಹೆಂಗಸಿನ ಗದ್ದೆಯಲ್ಲಿ ಸೊಂಟ ಬಗ್ಗಿಸಬೇಕಾದವಳು ತಾನೇ ತಾನೆ? ಹಾಗಂತ ಆ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಜಮೀನಿಲ್ಲದವರಿಗೆ ಮುಯ್ಯಿ ಎಲ್ಲಿಯದು, ಅವರು ಬರೀ ಆಳು, ಅವರಿಗೆ ಅಜ್ಜಿಯ ಬೇರೆ ದನಿ ಇತ್ತು. ಅದನ್ನೂ ಕೇಳಿದ್ದೇನೆ. ಅಜ್ಜಿಯನ್ನು ತಡೆದದ್ದು ಒಳ್ಳೆಯ ಗುಣವಲ್ಲ, ನಾಳೆಯ ಸರದಿ. ನಮ್ಮ ಫ್ಲೋರಿನಲ್ಲಿ ಸೂಪರ್‌ವೈಸರ್‌ಗೂ ನನಗೂ ಆ ಸರದಿ ಎಂದೂ ಬರುವುದಿಲ್ಲ. ಎಷ್ಟು ಕೇಕು ಕತ್ತರಿಸಿದರೂ ಬರುವುದಿಲ್ಲ.

ಕಾಗದದ ಮೇಲೆ ಮಾತ್ರ ಒಂದು ದಾರಿ ಇತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆ 100ಕ್ಕಿಂತ ಕಡಿಮೆಯಿಲ್ಲದ ಕಾರ್ಮಿಕರಿರುವ ಕಡೆಗಳಿಗಾಗಿ ವರ್ಕ್ಸ್ ಕಮಿಟಿಯ ಏರ್ಪಾಡು ಮಾಡಿತ್ತು. ಅದರಲ್ಲಿ ಕಾರ್ಮಿಕರ ಕಡೆಯವರು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಕೂಡದು. ನಮ್ಮಲ್ಲೂ ಕಮಿಟಿ ಇದೆ. ಸದಸ್ಯರನ್ನು ಆರಿಸುವವನು ನಾನು, ಜಗಳಗಂಟಿಯರಲ್ಲದವರನ್ನೇ ಆರಿಸುತ್ತೇನೆ. ಚರ್ಚೆಯಾಗುವುದು ಕ್ಯಾಂಟೀನಿನ ಸಾಂಬಾರು ಮತ್ತು ಟಾಯ್ಲೆಟ್ಟಿನ ಬಕೆಟ್ಟು. ಅವೂ ಬೇಕು. ಆದರೆ ಒಂದು ಲೈನಿಗೆ ಗಂಟೆಗೆ ಎಷ್ಟು ಪೀಸು ಎಂಬ ಲೆಕ್ಕ ಆ ಮೇಜಿಗೆ ಬಂದೇ ಇಲ್ಲ.

ಟಾರ್ಗೆಟ್ ಹಾಕುವ ಬೆಳಗಿನ ಮೀಟಿಂಗಿಗೆ ಲೈನಿನವರೇ ಆರಿಸಿದ ಇಬ್ಬರು ಹೆಂಗಸರನ್ನು ಕೂರಿಸಬೇಕು, ಕುಯ್ಲಿನ ರಜೆಯ ಪಟ್ಟಿಯನ್ನು ಶಿಪ್‌ಮೆಂಟಿನ ಪಟ್ಟಿಯ ಜೊತೆಗೇ ಮೊದಲೇ ಮಾಡಬೇಕು ಎಂದು ಒಂದು ಪತ್ರ ಬರೆದಿದ್ದೇನೆ. ಇನ್ನೂ ಕಳಿಸಿಲ್ಲ. ಮೇಲಿನವರು ಒಪ್ಪಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ಮಾತ್ರ ನಿಜ. ಅವರು ಒಪ್ಪಿದರೆ ನನ್ನ ಕೋಣೆಗೆ ಅಳುತ್ತಾ ಬರುವವರು ಕಡಿಮೆಯಾಗುತ್ತಾರೆ. ‘ಸಾರ್ ಒಳ್ಳೆಯೋರು’ ಅನ್ನುವ ಅಗತ್ಯ ಯಾರಿಗೂ ಇರುವುದಿಲ್ಲ. ಅದಕ್ಕೂ ನನಗೆ ಒಳಗೊಳಗೇ ಹಿಂಜರಿಕೆಯಿದೆ.