ಚಾರ್ಜರಿನ ಬೆನ್ನ ಮೇಲಿನ ಅಕ್ಷರಗಳು

ಪೆರ್ಲದ ಸಮೀಪದ ಅಡಿಕೆ ತೋಟದ ಮನೆಯೊಂದರಲ್ಲಿ ಆಟಿ ತಿಂಗಳ ಒಂದು ರಾತ್ರಿ ಚಟಪಟ ಸದ್ದಾಯಿತು. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಎದ್ದು ನೋಡುವಾಗ ಮೇಜಿನ ಮೇಲಿದ್ದ ಫೋನಿನ ಚಾರ್ಜರಿನಿಂದ ಹೊಗೆ ಏಳುತ್ತಿತ್ತು. ಪಕ್ಕದಲ್ಲಿದ್ದ ಸಮಾಜ ವಿಜ್ಞಾನ ಪುಸ್ತಕದ ರಟ್ಟು ಕಪ್ಪಾಗಿ ಸುರುಟಿತ್ತು. ತಂದೆ ಓಡಿಹೋಗಿ ಮೈನ್ ಸ್ವಿಚ್ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಗಳು ಮಲಗುತ್ತಿದ್ದುದು ಆ ಮೇಜಿನಿಂದ ಎರಡು ಮಾರು ದೂರದಲ್ಲಿ ಎಂಬುದು ಆ ತಂದೆಯ ಮನಸ್ಸಿನಿಂದ ಬೆಳಗಿನವರೆಗೂ ಹೋಗಲಿಲ್ಲ.

ಚಾರ್ಜರು ಕಾಸರಗೋಡಿನ ಪೇಟೆಯಲ್ಲಿ 180 ರೂಪಾಯಿಗೆ ಕೊಂಡದ್ದು. ಮರುದಿನ ಅದನ್ನು ಕಾಗದದಲ್ಲಿ ಸುತ್ತಿ ಅವರು ಅಂಗಡಿಗೆ ಹೋದಾಗ ಬಂದ ಮೊದಲ ಪ್ರಶ್ನೆ, "ಬಿಲ್ಲು ಉಂಟಾ ಅಣ್ಣಾ?" ಬಿಲ್ಲು ಇರಲಿಲ್ಲ. ಕೇಳಿರಲೂ ಇಲ್ಲ, ಕೊಟ್ಟಿರಲೂ ಇಲ್ಲ. ಬರಿಗೈಯಲ್ಲಿ ಮರಳಿದರು.

ಮಗಳು ಮಾತ್ರ ಸುಮ್ಮನಾಗಲಿಲ್ಲ. ಅಜ್ಜನ ಭೂತಗನ್ನಡಿ ಹಿಡಿದು ಚಾರ್ಜರಿನ ಬೆನ್ನನ್ನು ಓದಿದಳು. ವೋಲ್ಟಿನ ಲೆಕ್ಕ, ಚೀನಾದಲ್ಲಿ ತಯಾರಾದುದೆಂಬ ಒಂದು ಸಾಲು, 'ಸಿಇ' ಎಂಬ ಎರಡಕ್ಷರ. ಬಚ್ಚಲ ಒಲೆಯ ಬಳಿ ಉರಿಗೆಂದು ಇಟ್ಟಿದ್ದ ರದ್ದಿಯಲ್ಲಿ ಅದರ ಪೆಟ್ಟಿಗೆಯೂ ಸಿಕ್ಕಿತು. ಅದರಲ್ಲಿ ಬಣ್ಣದ ಚಿತ್ರವಿತ್ತು, ಹೆಸರಿರಲಿಲ್ಲ. ಯಾರು ತರಿಸಿದರು, ಎಲ್ಲಿಯವರು, ಯಾವ ಫೋನ್ ಸಂಖ್ಯೆಗೆ ದೂರು ಹೇಳಬೇಕು, ಒಂದೂ ಇಲ್ಲ. ಸಿಇ ಎಂಬುದು ಯುರೋಪಿನ ಮಾರುಕಟ್ಟೆಗಾಗಿ ತಯಾರಕನೇ ಹಾಕಿಕೊಳ್ಳುವ ಗುರುತು. ನಮ್ಮ ಕಾನೂನಿನ ಮುಂದೆ ಅದಕ್ಕೆ ಬೆಲೆಯಿಲ್ಲ.

ನಮ್ಮ ಕಾನೂನು ಕೇಳುವುದು ಬೇರೆಯದನ್ನು. ಎಲೆಕ್ಟ್ರಾನಿಕ್ ವಸ್ತುಗಳಿಗೆ ಕಡ್ಡಾಯ ನೋಂದಣಿಯ ಆದೇಶ ಹೊರಟದ್ದು 2012ರಲ್ಲಿ. ಮೊದಲ ಪಟ್ಟಿಯಲ್ಲಿ 15 ಬಗೆಯ ವಸ್ತುಗಳಿದ್ದವು; 2014ರಲ್ಲಿ ಇನ್ನೂ 15 ಸೇರಿದವು. ಪವರ್ ಅಡಾಪ್ಟರ್, ಪವರ್ ಬ್ಯಾಂಕ್, ಮೊಬೈಲ್ ಫೋನ್, ಎಲ್‌ಇಡಿ ಬಲ್ಬು ಒಳಬಂದದ್ದು ಈ ಎರಡನೆಯ ಕಂತಿನಲ್ಲಿ. ವಿದೇಶದ ಕಾರ್ಖಾನೆಯೂ ತನ್ನ ಮಾದರಿಯನ್ನು ಭಾರತೀಯ ಮಾನಕ ಬ್ಯೂರೋ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷೆಗೊಡ್ಡಿ ನೋಂದಣಿ ಪಡೆಯಬೇಕು. ಆರಂಭದ ವರ್ಷಗಳಲ್ಲಿ 'ಸ್ವಯಂಘೋಷಣೆ' ಎಂಬ ಒಂದು ವಾಕ್ಯವನ್ನು ಮುದ್ರಿಸಿದರೆ ಸಾಕಾಗಿತ್ತು. ಅನಂತರ ಅದರ ಸ್ಥಾನಕ್ಕೆ ಒಂದು ಗುರುತು ಬಂತು; ಮಾನಕದ ಸಂಖ್ಯೆಯೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಅದರ ಜೊತೆಗಿರುತ್ತವೆ. ನಾವೆಲ್ಲ ಬಲ್ಲ ಐಎಸ್ಐ ಗುರುತು ಇದಲ್ಲ. ಇಸ್ತ್ರಿಪೆಟ್ಟಿಗೆಗೆ, ವಯರಿಗೆ ಐಎಸ್ಐ. ಚಾರ್ಜರಿಗೆ ಆರ್ ಸಂಖ್ಯೆ. ಈ ಭೇದವನ್ನು ಗಿರಾಕಿಗೆ ಯಾರೂ ವಿವರಿಸಿ ಹೇಳಿದ್ದಿಲ್ಲ.

ಪೆಟ್ಟಿಗೆಯ ಮೇಲಿನ ಬರಹದ್ದು ಇನ್ನೊಂದು ಕಥೆ. ಅದು ಕಾನೂನು ಮಾಪನದ 2011ರ ಪೊಟ್ಟಣ ನಿಯಮಗಳಿಗೆ ಸೇರಿದ್ದು. ಆಮದುದಾರನ ಹೆಸರು, ವಿಳಾಸ, ಮೂಲ ದೇಶ, ಗರಿಷ್ಠ ಬೆಲೆ, ದೂರಿನ ಫೋನ್ ಸಂಖ್ಯೆ ಇರಲೇಬೇಕು. 2021ರ ತಿದ್ದುಪಡಿಯೊಂದು ಸದ್ದಿಲ್ಲದೆ ದೊಡ್ಡ ಉಪಕಾರ ಮಾಡಿತು. ಅದುವರೆಗೆ ತಯಾರಾದ ತಿಂಗಳ ಬದಲು ಆಮದಾದ ತಿಂಗಳನ್ನು ಬರೆದು ಜಾರಿಕೊಳ್ಳಬಹುದಿತ್ತು. ಗೋದಾಮಿನಲ್ಲಿ ಮೂರು ವರ್ಷ ಕೊಳೆತ ಬ್ಯಾಟರಿಯೂ ಹೊಸದೆಂಬ ವೇಷ ತೊಡಬಹುದಿತ್ತು. ಈಗ ತಯಾರಾದ ತಿಂಗಳನ್ನೇ ಬರೆಯಬೇಕು.

2022ರ ಜುಲೈ ತಿದ್ದುಪಡಿಯ ಬಗ್ಗೆ ಅಷ್ಟು ಸಂತೋಷ ಪಡಲಾಗದು. ಎಲೆಕ್ಟ್ರಾನಿಕ್ ವಸ್ತುಗಳ ಆಮದುದಾರನ ವಿಳಾಸವೇ ಮೊದಲಾದ ಕೆಲವು ವಿವರಗಳನ್ನು ಪೆಟ್ಟಿಗೆಯ ಮೇಲೆ ಮುದ್ರಿಸದೆ ಕ್ಯೂಆರ್ ಕೋಡಿನೊಳಗೆ ಇಡಲು ಅದು ಮೊದಲಿಗೆ ಒಂದು ವರ್ಷದ ಮಟ್ಟಿಗೆ ಅನುಮತಿಸಿತು. ಫೋನ್ ಸಂಖ್ಯೆ ಮತ್ತು ಇಮೇಲ್ ಮಾತ್ರ ಹೊರಗೇ ಉಳಿಯಬೇಕಾಗಿತ್ತು. ಚಾರ್ಜರು ಸುಟ್ಟುಹೋದ ಮನೆಯಲ್ಲಿ ಫೋನಿನ ಜೀವವೂ ಆರಿರುತ್ತದೆ ಎಂಬುದು ದಿಲ್ಲಿಯಲ್ಲಿ ಯಾರಿಗೂ ಹೊಳೆಯಲಿಲ್ಲವೇನೋ.

ಇಷ್ಟೂ ಬರಹ ಯಾವ ಭಾಷೆಯಲ್ಲಿರಬೇಕು? ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಎನ್ನುತ್ತದೆ ನಿಯಮ; ಉಳಿದ ಭಾಷೆಗಳನ್ನು ಬೇಕಿದ್ದರೆ ಸೇರಿಸಬಹುದು, ಅಷ್ಟೆ. ಗಡಿಯ ಈಚೆಗಿನ ಕನ್ನಡಿಗನಿಗೂ ಆಚೆಗಿನ ಕನ್ನಡಿಗನಿಗೂ, ಮಲಯಾಳ ಮಾತ್ರ ಬಲ್ಲ ನೆರೆಯವನಿಗೂ ಈ ವಿಷಯದಲ್ಲಿ ಒಂದೇ ಗತಿ. ಹೀಗಾಗಿ ಇಂತಹ ಮನೆಗಳಲ್ಲಿ ಪೆಟ್ಟಿಗೆ ಓದುವ ಕೆಲಸ ಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬೀಳುತ್ತದೆ.

ಆ ಮನೆಯಲ್ಲಿ ಬರಹ ಚೆನ್ನಾಗಿರುವ ವಸ್ತುವೂ ಒಂದಿತ್ತು: ಸೋದರಮಾವ ದುಬೈಯಿಂದ ತಂದ ಇಸ್ತ್ರಿಪೆಟ್ಟಿಗೆ. ಅದರ ಮೇಲೆ ಗಲ್ಫ್ ರಾಷ್ಟ್ರಗಳ 'ಜಿ' ಗುರುತು, ಜೊತೆಗೊಂದು ಕ್ಯೂಆರ್ ಕೋಡು. ಪರೀಕ್ಷೆಗೊಳಪಟ್ಟ ವಸ್ತುವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾವನ ಸೂಟ್‌ಕೇಸಿನಲ್ಲಿ ಬಂದ ಅದಕ್ಕೆ ಭಾರತದಲ್ಲಿ ಆಮದುದಾರನೇ ಇಲ್ಲ. ಕೆಟ್ಟರೆ ಕೇಳಲು ಮಾವನೊಬ್ಬನೇ.

ಹೆಸರಿಗೆ ಇಷ್ಟು ಮಹತ್ವ ಏಕೆಂದರೆ, ಹಾನಿಗೆ ಉತ್ತರ ಹೇಳಬೇಕಾದವನು ಸಿಗುವುದು ಅದರಿಂದ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 86ನೆಯ ಕಲಮು ಒಂದು ಜಾಣತನದ ಏರ್ಪಾಡು ಮಾಡಿದೆ. ತಯಾರಕನು ಯಾರೆಂದು ತಿಳಿಯದಿದ್ದರೆ, ಅಥವಾ ಅವನಿಗೆ ನೋಟೀಸು ತಲುಪಿಸಲಾಗದಿದ್ದರೆ, ಮಾರಿದವನೇ ಹೊಣೆಗಾರನಾಗಬಹುದು. ಹೆಸರಿಲ್ಲದ ಸರಕನ್ನು ಮಾರುವ ಅಂಗಡಿಯವನು ತನಗರಿವಿಲ್ಲದೆ ಹೊಣೆಯನ್ನು ತಲೆಯ ಮೇಲೆ ಹೊತ್ತುಕೊಂಡಿರುತ್ತಾನೆ. ದೂರನ್ನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷದ ಅವಧಿಯಿದೆ. ಕೊಂಡದ್ದಕ್ಕೆ ಏನಾದರೊಂದು ಪುರಾವೆ ಬೇಕು.

ಪುರಾವೆ ಇತ್ತು. 180 ರೂಪಾಯಿ ಕೊಟ್ಟದ್ದು ಫೋನಿನ ಮೂಲಕ. ದಿನಾಂಕ, ಗಂಟೆ, ಅಂಗಡಿಯ ಹೆಸರು ಎಲ್ಲವೂ ಅದರಲ್ಲಿ ಉಳಿದಿದ್ದವು. ನೆರೆಮನೆಯ ಚಾರ್ಜರಿನಿಂದ ಜೀವ ತುಂಬಿದ ಫೋನನ್ನು ತಂದೆಯ ಮುಂದೆ ಹಿಡಿದವಳು ಮಗಳೇ.

ಎರಡನೆಯ ಬಾರಿ ಹೋದಾಗ ಅಂಗಡಿಯವನ ದನಿ ಮೆತ್ತಗಾಯಿತು. ತಾನೂ ಬಿಲ್ಲಿಲ್ಲದೆ ಕಟ್ಟುಕಟ್ಟಾಗಿ ಕೊಂಡು ಮಾರುವವನೆಂದು ಒಪ್ಪಿಕೊಂಡ, ಹಣ ಮರಳಿಸಿದ. ದೂರು ದಾಖಲಾಗಲಿಲ್ಲ. ದಿನಾ ಮುಖ ನೋಡುವ ಊರಿನಲ್ಲಿ ಹಾಗಾಗುವುದು ಸಹಜ. ಆದರೆ ಅದೇ ಕಟ್ಟಿನ ಉಳಿದ ಚಾರ್ಜರುಗಳು ಯಾರ ಮನೆಯ ಮೇಜಿನ ಮೇಲಿವೆಯೋ. ದೂರು ಕೊಡಬೇಕಾಗಿತ್ತು.

ಹೊಸ ಚಾರ್ಜರು ಕೊಳ್ಳುವಾಗ ಮಗಳೂ ಜೊತೆಗಿದ್ದಳು. ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಆರ್ ಸಂಖ್ಯೆಯನ್ನು ಒತ್ತಿ ನೋಡಿದಳು. ಮೊದಲು ತೋರಿಸಿದ ಚಾರ್ಜರಿನ ಸಂಖ್ಯೆ ಯಾವುದೋ ಎಲ್‌ಇಡಿ ಬಲ್ಬಿನ ಕಂಪೆನಿಯದಾಗಿತ್ತು. ಅದನ್ನು ಗಾಜಿನ ಮೇಜಿನ ಮೇಲಿಟ್ಟು ಇನ್ನೊಂದನ್ನು ಕೇಳಿದಳು. ಎರಡನೆಯದರಲ್ಲಿ ಹೆಸರೂ ವಸ್ತುವೂ ಹೊಂದಿದವು. ಬೆಲೆ ದುಪ್ಪಟ್ಟಾಗಿತ್ತು. ತಂದೆ ಚೌಕಾಸಿ ಮಾಡದೆ ಹಣ ಕೊಟ್ಟು, ಬಿಲ್ಲು ಬರೆಯಿಸಿಕೊಂಡು, ಮನೆಗೆ ಬಂದು ಅದನ್ನು ತೋಟದ ತೀರ್ವೆ ರಶೀದಿಗಳಿರುವ ತಗಡಿನ ಡಬ್ಬಿಯೊಳಗೆ ಹಾಕಿದರು.